ಮೂರು ಸರ್ವರ್‌ಗೆ ಲೋಡ್ ತಾನೇ ಹಂಚಿಕೆ ಆಗೋದು ಹೇಗೆ? ಅನುಭವ ಇದ್ದವರು ಹೇಳಿ

ಬ್ಯಾಡಗಿಯಿಂದ ಪ್ರಶ್ನೆ:
ಮೆಣಸಿನಕಾಯಿ ದರ ತೋರಿಸುವ ಆ್ಯಪ್ ನಡೆಸುತ್ತೇವೆ. ಎರಡು ಹಳೇ ಸರ್ವರ್, 4 ಕೋರ್‌ನವು (ಕೋರ್ ಅಂದರೆ ಪ್ರೊಸೆಸರ್‌ನ ಒಂದು ಘಟಕ). ಒಂದು ಹೊಸದು, 16 ಕೋರ್. ಮುಂದೆ ಎಚ್‌ಎ ಪ್ರಾಕ್ಸಿ ಇದೆ (ಬಂದ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್), ಅದರಲ್ಲಿ ಸರದಿ ಪ್ರಕಾರ ಹಂಚುವ ರೌಂಡ್ ರಾಬಿನ್ ಹಾಕಿದ್ದೇವೆ. ಟೆಂಡರ್ ದರ ಹೊರಬಿದ್ದ ಕೂಡಲೇ ರೈತರು, ವ್ಯಾಪಾರಿಗಳು ಎಲ್ಲರೂ ಒಮ್ಮೆಲೇ ತೆರೆಯುತ್ತಾರೆ. ಹಳೆಯವೆರಡೂ ಏದುಸಿರು ಬಿಡುತ್ತವೆ, ಹೊಸದು ಆರಾಮಾಗಿರುತ್ತದೆ. ಲೋಡ್ ನೋಡಿ ತಾನೇ ಹಂಚುವ ಹಾಗೆ ಆಗಲು ಏನು ಮಾಡಬೇಕು?

ಹುಬ್ಬಳ್ಳಿಯಿಂದ:
ಅಣ್ಣಾ, ರೌಂಡ್ ರಾಬಿನ್ ಸರದಿ ಮಾತ್ರ ನೋಡುತ್ತದೆ. ಎತ್ತಿನ ಕಸುವು ನೋಡದೆ ಎಲ್ಲಾ ಬಂಡಿಗೂ ಅಷ್ಟೇ ಚೀಲ ಹೇರಿದ ಹಾಗೆ. ಮೊದಲು ವೇಯ್ಟ್, ಅಂದರೆ ಯಾವುದಕ್ಕೆ ಎಷ್ಟು ಪಾಲು ಅನ್ನೋ ಸಂಖ್ಯೆ, ಕೊಡಿ: ಹಳೆಯವಕ್ಕೆ 25, ಹೊಸದಕ್ಕೆ 100. ಆಮೇಲೆ ರೌಂಡ್ ರಾಬಿನ್ ಬದಲು ಲೀಸ್ಟ್‌ಕನ್ ಹಾಕಿ. ಯಾವುದರ ಹತ್ತಿರ ಕನೆಕ್ಷನ್ ಕಮ್ಮಿಯೋ ಅದಕ್ಕೆ ಹೊಸ ಕೆಲಸ ಹೋಗುತ್ತದೆ.

ಆದರೆ ಲೀಸ್ಟ್‌ಕನ್‌ನಲ್ಲೇ ನಾವು ಪೆಟ್ಟು ತಿಂದದ್ದು. ಒಂದು ಸರ್ವರ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ತಪ್ಪಾಗಿತ್ತು. ಬಂದವರಿಗೆಲ್ಲ ಕ್ಷಣದಲ್ಲಿ 500 ಎರರ್ (ಸರ್ವರ್ ಒಳಗಿನ ದೋಷ) ಕೊಟ್ಟು ಕಳಿಸುತ್ತಿತ್ತು. ಬೇಗ ಕಳಿಸುವುದರಿಂದ ಅದರ ಕನೆಕ್ಷನ್ ಯಾವಾಗಲೂ ಕಮ್ಮಿ. ಹಾಗಾಗಿ ಹೊಸಬರೆಲ್ಲ ಅಲ್ಲಿಗೇ! ಲಾಗ್ ತೆರೆದರೆ ಸಾಲು ಸಾಲಾಗಿ ಅದೇ ಸರ್ವರ್ ಹೆಸರು, ಪಕ್ಕದಲ್ಲಿ 500. ಚೆನ್ನಾಗಿದ್ದ ಎರಡು ಸುಮ್ನೆ ಕೂತಿದ್ದವು. ಸರ್ವರ್ ಸರಿಯಿದೆಯಾ ಅಂತ ಪರೀಕ್ಷಿಸುವ ನಮ್ಮ ಹೆಲ್ತ್ ಚೆಕ್, ಪೋರ್ಟ್ ತೆರೆದಿದೆಯಾ ಅಂತ ಮಾತ್ರ ನೋಡುತ್ತಿತ್ತು.

ಈಗ ಒಂದು ಪುಟವನ್ನೇ ಕೇಳಿ ನೋಡುವ ಎಚ್‌ಟಿಟಿಪಿ ಚೆಕ್ ಇಟ್ಟಿದ್ದೇವೆ. ಆ ಪುಟ ಡೇಟಾಬೇಸ್‌ನಿಂದ ಒಂದು ಸಾಲು ಓದಿಯೇ 200 (ಎಲ್ಲ ಸರಿ ಅನ್ನೋ ಉತ್ತರ) ಕೊಡಬೇಕು. ಎಚ್‌ಎ ಪ್ರಾಕ್ಸಿ ತಾನಾಗಿ 2 ಸೆಕೆಂಡಿಗೊಮ್ಮೆ ಕೇಳುತ್ತದೆ. ಸತತ 3 ಸಲ ತಪ್ಪಿದರೆ ಸರ್ವರನ್ನು ಹೊರಗಿಡುತ್ತದೆ, 2 ಸಲ ಸರಿಯಾದರೆ ಒಳಗೆ ಕರೆಯುತ್ತದೆ. ಇದನ್ನು ಮಾಡದೆ ಲೀಸ್ಟ್‌ಕನ್ ಹಾಕಲೇಬೇಡಿ, ದಯವಿಟ್ಟು.

ಧಾರವಾಡದಿಂದ:
ಮೇಲಿನವರು ಹೇಳಿದ್ದು ಖರೆ. ಒಂದು ಎಚ್ಚರ: ಮೂರಕ್ಕೂ ಡೇಟಾಬೇಸ್ ಒಂದೇ ಆಗಿದ್ದು, ಅದು ಒಂದು ಗಳಿಗೆ ತಡವರಿಸಿದರೆ ಮೂರೂ ಒಟ್ಟಿಗೆ ಹೊರಗೆ ಬೀಳುತ್ತವೆ. ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗಡುವು) ಸ್ವಲ್ಪ ಜಾಸ್ತಿ ಇಡಿ.

ಲೋಡ್ ನೋಡಿ ಹಂಚಬೇಕು ಅಂದಿರಲ್ಲ, ಅದಕ್ಕೆ ಏಜೆಂಟ್ ಚೆಕ್ ಇದೆ. ಪ್ರತಿ ಸರ್ವರ್‌ನಲ್ಲೂ ಒಂದು ಪುಟ್ಟ ಸ್ಕ್ರಿಪ್ಟ್ ಬೇರೆ ಪೋರ್ಟ್‌ನಲ್ಲಿ ಕೂತಿರುತ್ತದೆ. ಪ್ರಾಕ್ಸಿ ಕೇಳಿದಾಗ ಅದು ‘60%’ ಅಂತ ಬರೆದು ಕಳಿಸಿದರೆ ಸಾಕು, ವೇಯ್ಟ್ ಅಷ್ಟಕ್ಕೆ ಇಳಿಯುತ್ತದೆ. ಕೊನೆಗೆ ನ್ಯೂಲೈನ್ (ಹೊಸ ಸಾಲಿನ ಗುರುತು) ಇರಲೇಬೇಕು. ನಾನು ಮೊದಲು ಆ ಕ್ಷಣದ ಸಿಪಿಯು ನೋಡಿ ಕಳಿಸುತ್ತಿದ್ದೆ. ತಕ್ಕಡಿ ಹಾಗೆ ತೂಗಾಡತೊಡಗಿತು: ಒಂದು ಖಾಲಿಯಾದರೆ ಎಲ್ಲರೂ ಅತ್ತ, ಅದು ತುಂಬಿದರೆ ಎಲ್ಲರೂ ಇತ್ತ. 1 ನಿಮಿಷದ ಲೋಡ್ ಆವರೇಜ್ (ಸರಾಸರಿ ಕೆಲಸದ ಹೊರೆ) ತೆಗೆದುಕೊಂಡು ಕೋರ್ ಸಂಖ್ಯೆಯಿಂದ ಭಾಗಿಸಿದೆ, ಕಳಿಸುವ ವೇಯ್ಟ್ 30%ಕ್ಕಿಂತ ಕೆಳಗೆ ಇಳಿಸಲಿಲ್ಲ. ಆಮೇಲೆ ಶಾಂತವಾಯಿತು.

ಗದಗಿನಿಂದ:
ಟೆಂಡರ್ ದರ ಎಲ್ಲರಿಗೂ ಒಂದೇ ಅಲ್ವಾ? ಆ ಪುಟವನ್ನು ಪ್ರಾಕ್ಸಿಯ ಕ್ಯಾಶ್‌ನಲ್ಲೇ (ಪ್ರತಿಯನ್ನು ತಾತ್ಕಾಲಿಕವಾಗಿ ಇಡುವ ಜಾಗ) 10 ಸೆಕೆಂಡ್ ಇಡಿ. ಎಚ್‌ಎ ಪ್ರಾಕ್ಸಿ 1.8ರಿಂದ ಆ ಸೌಲಭ್ಯ ಇದೆ. ಒಂದೇ ಪುಟಕ್ಕೆ ಸಾವಿರ ಜನ ಬಂದರೂ ಸರ್ವರ್‌ವರೆಗೆ ಹೋಗುವುದು ಕೆಲವೇ. ಲಾಗಿನ್ ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನೋ ಮಾಹಿತಿ) ಇದ್ದರೆ ಮೂರೂ ಸರ್ವರ್ ಓದಬಲ್ಲ ರೆಡಿಸ್ ಅನ್ನೋ ಡೇಟಾ ಸಂಗ್ರಹಕ್ಕೆ ಹಾಕಿ, ಇಲ್ಲದಿದ್ದರೆ ಸರ್ವರ್ ಬದಲಾದಾಗಲೆಲ್ಲ ಜನ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಮೊದಲು ಕ್ಯಾಶ್ ಮಾಡಿ ನೋಡಿ, ಮುಂದಿನ ಟೆಂಡರ್ ದಿನ ಲೋಡ್ ಎಷ್ಟಿತ್ತು ಅಂತ ಇಲ್ಲೇ ತಿಳಿಸಿ.