ಪದಚರ್ಚೆ: ಕಾರ್ಬನ್ ಕ್ರೆಡಿಟ್‌ಗೆ 'ಇಂಗಾಲ ಜಮೆ' ಅನ್ನಬಹುದೇ? (ಕಾಂಡ್ಲಾ ಕಾಡಿನ ಬರಹಕ್ಕೆ)

ಎಲ್ಲರಿಗೂ ನಮಸ್ಕಾರ.

ಕೆನ್ಯಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳು ಮುಂದಕ್ಕೆ ಹೋಗಲು ಬಿಡುತ್ತಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು 'ಕಾರ್ಬನ್ ಕ್ರೆಡಿಟ್', ಅಂದರೆ ಗಾಳಿಗೆ ಸೇರದಂತೆ ಉಳಿಸಿದ ಇಂಗಾಲದ ಡೈಆಕ್ಸೈಡನ್ನು ಲೆಕ್ಕ ಹಾಕಿ ಮಾರುವ ಏಕಮಾನ. ಮೊದಲು ಸಂದರ್ಭ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೀ ನಿಘಂಟು ತಿರುವಿದಂತಾಗುತ್ತದೆ.

ಮೊಂಬಾಸಾದಿಂದ ತೆಂಕಣಕ್ಕೆ ಸುಮಾರು 50 ಕಿ.ಮೀ. ಹೋದರೆ ಗಾಜಿ ಎಂಬ ಕೊಲ್ಲಿ ಸಿಗುತ್ತದೆ. ದಂಡೆಯಲ್ಲಿ ಗಾಜಿ, ಮಾಕೊಂಗೆನಿ ಎಂಬ ಊರುಗಳು. ಮೀನು ಹಿಡಿಯುವವರೇ ಹೆಚ್ಚು. ಮನೆಯ ಗಳಕ್ಕೆ, ಸೌದೆಗೆ ಅಂತ ಕಡಿದು ಕಡಿದು ಅಲ್ಲಿನ ಕಾಂಡ್ಲಾ ಕಾಡು ತೆಳ್ಳಗಾಗಿತ್ತು. 2013ರಿಂದ ಅಲ್ಲಿ 'ಮಿಕೊಕೊ ಪಮೋಜಾ' ಎಂಬ ಯೋಜನೆ ನಡೆಯುತ್ತಿದೆ. ಸ್ವಾಹಿಲಿಯಲ್ಲಿ ಮಿಕೊಕೊ ಅಂದರೆ ಕಾಂಡ್ಲಾ ಮರಗಳು, ಪಮೋಜಾ ಅಂದರೆ ಜೊತೆಯಾಗಿ. ಕಾಡು ಸರ್ಕಾರದ್ದು. ಆದರೆ ಅರಣ್ಯ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು 117 ಹೆಕ್ಟೇರನ್ನು ಊರವರೇ ನೋಡಿಕೊಳ್ಳುತ್ತಾರೆ. ಕಡಿಯಲು ಬಿಡುವುದಿಲ್ಲ, ಬರಿದಾದ ಕಡೆ ಸಸಿ ನೆಡುತ್ತಾರೆ. ಇದರಿಂದ ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರದೆ ಉಳಿಯುತ್ತದೆ ಅನ್ನುವುದು ಲೆಕ್ಕ. 'ಪ್ಲ್ಯಾನ್ ವಿವೋ' ಎಂಬ ಮಾನದಂಡದ ಪ್ರಕಾರ ಆ ಲೆಕ್ಕದ ತಪಾಸಣೆ ಆಗುತ್ತದೆ. ಹೊರಗಿನವರು ದುಡ್ಡು ಕೊಟ್ಟು ಕ್ರೆಡಿಟ್ ಕೊಳ್ಳುತ್ತಾರೆ. ಆ ದುಡ್ಡು ಕುಡಿಯುವ ನೀರಿಗೆ, ಶಾಲೆಗೆ ಹೋಗುತ್ತದೆ. 2017ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು.

ಇಷ್ಟನ್ನು ಕನ್ನಡದಲ್ಲಿ ಒಂದೇ ಸಾಲಿಗೆ ಇಳಿಸಿದರೆ ಹೀಗಾಗುತ್ತದೆ: "ಗಾಜಿಯ ಜನ ವರ್ಷಕ್ಕೆ 3,000 ಟನ್ ಇಂಗಾಲ ಮಾರುತ್ತಾರೆ." ನಮ್ಮ ಓದುಗರು ಏನಂದುಕೊಳ್ಳುತ್ತಾರೆ ಹೇಳಿ? ಇದ್ದಿಲಿನ ಮೂಟೆ ಲಾರಿಗೆ ಹತ್ತಿಸುತ್ತಿದ್ದಾರೆ ಅಂತ ತಾನೆ? ಇಂಗಾಲ ಅನ್ನುವ ಪದದ ಮೂಲವೇ ಕೆಂಡ, ಇದ್ದಿಲಿನ ಕಡೆಯದು. ಹಳಗನ್ನಡದ 'ಇಂಗಳ' ಬೆಂಕಿಯ ಕೆಂಡವೇ. ಕಾಂಡ್ಲಾ ಮರ ಸುಟ್ಟು ಇದ್ದಿಲು ಮಾಡುವ ರೂಢಿ ಎಷ್ಟೋ ದೇಶಗಳಲ್ಲಿ ಇದೆ. ಹಾಗಾಗಿ ಅರ್ಥ ಪೂರ್ತಿ ತಿರುವುಮುರುವಾಗುತ್ತದೆ. ಮರ ಉಳಿಸಿದ್ದಕ್ಕೆ ಬಂದ ದುಡ್ಡು ಮರ ಸುಟ್ಟು ಗಳಿಸಿದಂತೆ ಕಾಣುತ್ತದೆ.

ಇನ್ನೊಂದು ತೊಡಕು ಇದೇ ಸಾಲಿನಲ್ಲಿದೆ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್, ಒಂದು ಟನ್ ಇಂಗಾಲ ಅಲ್ಲ. ಒಂದು ಟನ್ ಇಂಗಾಲ ಗಾಳಿಗೆ ಹೋದರೆ 3.67 ಟನ್ ಡೈಆಕ್ಸೈಡ್ ಆಗುತ್ತದೆ. ಪತ್ರಿಕೆಗಳಲ್ಲಿ ಎರಡನ್ನೂ 'ಇಂಗಾಲ' ಅಂತಲೇ ಬರೆಯುತ್ತಾರೆ. ಲೆಕ್ಕ ಹತ್ತಿರ ಹತ್ತಿರ ನಾಲ್ಕು ಪಟ್ಟು ಹೆಚ್ಚುಕಡಿಮೆ ಆಗುತ್ತದೆ, ಯಾರೂ ಕೇಳುವುದಿಲ್ಲ.

ಈಗ ಕ್ರೆಡಿಟ್‌ಗೆ ಬರೋಣ. 'ಇಂಗಾಲ ಸಾಲ' ಅಂತ ಬರೆದದ್ದನ್ನು ನೋಡಿದ್ದೇನೆ. ಅದಂತೂ ಬೇಡವೇ ಬೇಡ. ಗಾಜಿಯವರು ಯಾರಿಂದಲೂ ಸಾಲ ತಂದಿಲ್ಲ, ಯಾರಿಗೂ ಕೊಟ್ಟಿಲ್ಲ. ಎರಡನೆಯದು 'ಪತ್ತು'. ಕೃಷಿ ಪತ್ತಿನ ಸಹಕಾರ ಸಂಘದ ಬೋರ್ಡು ನೋಡದ ಊರು ನಮ್ಮಲ್ಲಿಲ್ಲ. 'ಇಂಗಾಲದ ಪತ್ತು' ಕಿವಿಗೆ ಹಿತ. ಆದರೆ ಪತ್ತು ಅಂದರೆ ಸಾಲ ಹುಟ್ಟುವ ನಂಬಿಕೆ. ಸುತ್ತಿ ಬಳಸಿ ಮತ್ತೆ ಸಾಲದ ಬಾಗಿಲಿಗೇ ಬಂದು ನಿಲ್ಲುತ್ತೇವೆ. 'ಇಂಗಾಲ ಚೀಟಿ' ಅಂತ ಗೆಳೆಯರೊಬ್ಬರು ಹೇಳಿದರು. ಚೀಟಿ ಅಂದ ತಕ್ಷಣ ಯಾರು ಓಡಿಹೋದರು ಅಂತ ಕೇಳುವ ಜನ ನಾವು, ಅದನ್ನು ಅಲ್ಲಿಗೇ ಬಿಟ್ಟೆ.

ನನ್ನ ಒಲವು 'ಜಮೆ'ಯ ಕಡೆಗೆ. ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಅಂತ ಇರುವ ಕಡೆ ಕನ್ನಡದಲ್ಲಿ ಜಮೆ ಅಂತಲೇ ಇರುತ್ತದೆ. ಕಾಡು ಉಳಿಸಿದ ಊರಿನ ಲೆಕ್ಕಕ್ಕೆ ಇಷ್ಟು ಟನ್ ಜಮೆ ಆಯಿತು, ಆ ಜಮೆಯನ್ನು ಕೊಂಡವರು ಇಂತಿಷ್ಟು ಕೊಟ್ಟರು. ಓದಿದರೆ ತಡವರಿಸುವುದಿಲ್ಲ ಅಲ್ವಾ? ಕೊಂಡ ಮೇಲೆ ಆ ಕ್ರೆಡಿಟ್ಟನ್ನು ಇನ್ನೊಬ್ಬರಿಗೆ ಮಾರದಂತೆ ಲೆಕ್ಕದಿಂದ ತೆಗೆದುಹಾಕುತ್ತಾರೆ. ಇಂಗ್ಲಿಷಿನವರು ಅದನ್ನು 'ರಿಟೈರ್' ಅನ್ನುತ್ತಾರೆ. 'ನಿವೃತ್ತಿ' ಅಂತ ಬರೆದರೆ ಹಾರ ತುರಾಯಿ ತರಬೇಕಾದೀತು. 'ಜಮೆ ಚುಕ್ತಾ ಆಯಿತು' ಅಂದರೆ ಸಾಕು ಅನ್ನಿಸುತ್ತದೆ. ಒಂದೇ ಅನುಮಾನ: ಜಮೆ ಅಂದರೆ ಕೈಗೆ ಬಂದದ್ದು. ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಗೆ ಹೋಗದೆ ಉಳಿದದ್ದು. ಲೆಕ್ಕಪತ್ರ ಬರೆಯುವವರು ಯಾರಾದರೂ ಇಲ್ಲಿದ್ದರೆ ಇದಕ್ಕೆ ತಕರಾರು ಇದೆಯೇ ಹೇಳಿ.

'ಬ್ಲೂ ಕಾರ್ಬನ್' (ಕಡಲಂಚಿನ ಗಿಡಮರಗಳು ಹಿಡಿದಿಟ್ಟುಕೊಳ್ಳುವ ಇಂಗಾಲ) ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯಿಂದ ಚಲಾವಣೆಗೆ ಬಂದ ಮಾತು ಅದು. ಕಾಂಡ್ಲಾ, ಕಡಲ ಹುಲ್ಲು, ಉಪ್ಪುನೀರಿನ ಜೌಗು ಮೂರೂ ಅದರೊಳಗೆ ಬರುತ್ತವೆ. ಮೀನುಗಾರಿಕೆಗೆ 'ನೀಲಿ ಕ್ರಾಂತಿ' ಅಂತ ಒಪ್ಪಿಕೊಂಡ ಮೇಲೆ 'ನೀಲಿ ಇಂಗಾಲ'ಕ್ಕೆ ಅಡ್ಡಿಯಿಲ್ಲ. ಅದು ಕೂತಿರುವ ಕೆಸರು ಕಪ್ಪು, ಅದು ಬೇರೆ ಮಾತು.

ಆದರೆ ಆ ಕೆಸರಿನಲ್ಲಿ ನಡೆಯುವುದನ್ನು ಹೇಳುವ ಕ್ರಿಯಾಪದದ ಬಗ್ಗೆ ನನಗೆ ಹಟವಿದೆ. ಎಲ್ಲರೂ 'ಇಂಗಾಲ ಹೀರಿಕೊಳ್ಳುತ್ತದೆ' ಅಂತಲೇ ಬರೆಯುತ್ತಾರೆ. ಹೀರುವುದು ಮಾವಿನ ಮರವೂ ಮಾಡುತ್ತದೆ. ಕಾಂಡ್ಲಾದ ಹೆಚ್ಚುಗಾರಿಕೆ ಇಟ್ಟುಕೊಳ್ಳುವುದರಲ್ಲಿದೆ. ಉದುರಿದ ಎಲೆ, ಸತ್ತ ಬೇರು ಕೆಸರಿಗೆ ಸೇರುತ್ತವೆ. ಅಲ್ಲಿ ಗಾಳಿಯಾಡುವುದಿಲ್ಲ, ಆದ್ದರಿಂದ ಪೂರ್ತಿ ಕೊಳೆಯುವುದಿಲ್ಲ. ಪ್ರತಿ ಉಬ್ಬರ ಮೇಲೊಂದು ಪದರ ಹೂಳು ತಂದು ಮುಚ್ಚುತ್ತದೆ. ಹೀಗೆ ನೂರಾರು ವರ್ಷದ ಸರಕು ಕೆಳಗೆ ಉಳಿದಿರುತ್ತದೆ. ಮರಕ್ಕಿಂತ ಮಣ್ಣಿನಲ್ಲೇ ಜಾಸ್ತಿ. ಕಾಡು ಕಡಿದು ಕೆಸರು ಕೆದಕಿದರೆ ಅದರಲ್ಲಿ ಸಾಕಷ್ಟು ಗಾಳಿಗೆ ಏಳುತ್ತದೆ. ಅದಕ್ಕೆ 'ಹೂತಿಡುತ್ತದೆ' ಅಂತ ಬರೆದಿದ್ದೇನೆ. ಇದನ್ನು ಬದಲಿಸುವ ಮನಸ್ಸಿಲ್ಲ.

'ಸಮುದಾಯ ಆಧಾರಿತ' ಅನ್ನುವುದೂ ಮುಜುಗರದ್ದು. ನಮ್ಮ ಪತ್ರಿಕೆಗಳಲ್ಲಿ ಸಮುದಾಯ ಅಂದರೆ ಮುಕ್ಕಾಲು ಪಾಲು ಜಾತಿ. 'ಸಮುದಾಯದ ಕಾಡು' ಅಂದರೆ ಯಾವ ಸಮುದಾಯದ್ದು ಅಂತ ಕೇಳಿಯೇ ಕೇಳುತ್ತಾರೆ. 'ಊರೊಟ್ಟಿನ' ಅಂತ ಬಳಸಿದ್ದೇನೆ. ಅಲ್ಲಿನ ಸಂಘಕ್ಕೆ 'ಗ್ರಾಮ ಅರಣ್ಯ ಸಮಿತಿ' ಅಂದರೆ ಉತ್ತರ ಕನ್ನಡದವರಿಗೆ ತಕ್ಷಣ ಹೊಳೆಯುತ್ತದೆ. ಎರಡೂ ಒಂದೇ ಅಲ್ಲ, ಆದರೂ ನಡೆದೀತು.

'ಲೀಕೇಜ್' ಅಂತ ಒಂದು ಬರುತ್ತದೆ. ಇಲ್ಲಿ ಕಡಿಯಬೇಡಿ ಅಂದರೆ ಜನ ಪಕ್ಕದ ಕಾಡಿಗೆ ಹೋಗಿ ಕಡಿಯುತ್ತಾರೆ, ಅದರ ಹೆಸರು ಅದು. ಅದನ್ನು ತಡೆಯಲೆಂದೇ ಗಾಜಿಯವರು ಸೌದೆಗೂ ಗಳಕ್ಕೂ ಗಾಳಿಮರದ ತೋಪು ಎಬ್ಬಿಸಿದರು. 'ಸೋರಿಕೆ' ಅಂದರೆ ಎಲ್ಲೋ ಪೈಪು ಒಡೆದಂತಿದೆ. 'ಕಡಿತದ ವಲಸೆ' ಹೇಗೆ?

ಕೊನೆಗೆ ಮರದ ಹೆಸರು. ನಾನು ಮ್ಯಾಂಗ್ರೋವ್ ಬಿಟ್ಟು ಕಾಂಡ್ಲಾ ಹಿಡಿದಿದ್ದೇನೆ. ಹೊನ್ನಾವರದ ಕಾಸರಕೋಡಿನಲ್ಲಿ ಈ ಕಾಡಿನ ನಡುವೆ ಮರದ ಹಲಗೆಯ ಹಾದಿ ಇದೆ, ಅದರ ಹೆಸರಿನಲ್ಲೂ ಕಾಂಡ್ಲಾ ಇದೆ. (ಗಾಜಿಯಲ್ಲೂ ಹೆಂಗಸರೇ ನಡೆಸುವ ಇಂಥದ್ದೊಂದು ಹಾದಿ ಇದೆ.) ಮಲಯಾಳದಲ್ಲಿ ಕಂಡಲ್. ಸಸ್ಯಶಾಸ್ತ್ರದ 'ಕಾಂಡೆಲಿಯಾ' ಎಂಬ ಹೆಸರು ಹುಟ್ಟಿದ್ದೇ ಅಲ್ಲಿಂದ. ತಮಿಳಿನವರ 'ಅಲೈಯಾತ್ತಿ' ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅಲೆಯನ್ನು ತಣಿಸುವುದು ಅಂತ ಅದರ ಅರ್ಥ ಹೇಳುತ್ತಾರೆ. ನಮ್ಮ ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದ ಕಾಂಡ್ಲಾ ಯೋಜನೆಯ ಹೆಸರು 'ಮಿಷ್ಟಿ'. ಬಂಗಾಳಿಯಲ್ಲಿ ಸಿಹಿ. ಉಪ್ಪುನೀರಿನ ಮರಕ್ಕೆ ಸಿಹಿ ಹೆಸರು, ಇರಲಿ.

ಕುಮಟಾ, ಹೊನ್ನಾವರ, ಕಾರವಾರ, ಕುಂದಾಪುರದ ಕಡೆಯವರಲ್ಲಿ ಒಂದು ಕೇಳಿಕೆ. ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಆರಿಸುವವರು ಕಾಂಡ್ಲಾ ಅಂದಾಗ ಕೆಸರಿನ ಮರಗಳನ್ನೆಲ್ಲ ಸೇರಿಸಿ ಹೇಳುತ್ತಾರೋ, ಕಾಲೂರಿ ನಿಂತಂತೆ ಬೇರು ಬಿಡುವ ಮರವನ್ನು ಮಾತ್ರವೋ? ನೇರವಾಗಿ ಮೇಲಕ್ಕೆ ಕಡ್ಡಿಯಂಥ ಬೇರು ಚುಚ್ಚಿಕೊಂಡು ಬರುವ ಇನ್ನೊಂದು ಮರವಿದೆಯಲ್ಲ, ಅದಕ್ಕೆ ನಿಮ್ಮಲ್ಲಿ 'ಉಪ್ಪಟಿ' ಅನ್ನುತ್ತಾರಾ? ಮರದ ಮೇಲೆಯೇ ಮೊಳೆತು ಕೋಲಿನಂತೆ ಜೋತಾಡುವ ಕಾಯಿಗೆ ಮನೆಮಾತಿನಲ್ಲಿ ಹೆಸರೇನಾದರೂ ಇದ್ದರೆ ತಿಳಿಸಿ. ನೆಡುವ ಕೆಲಸದ ವಿವರ ಬರೆಯುವಾಗ ಅದು ಸಾಲುಸಾಲಿಗೂ ಬೇಕಾಗುತ್ತಿದೆ.