ಸೆರಾಡೊ ಮತ್ತು ಕಾಡಿನ ಹೈಮೆನಿಯಾ: ಪತ್ರರಂಧ್ರ ಎಣಿಸುವುದು ಹೇಗೆ?

ಪ್ರಶ್ನೆ: ಬ್ರೆಜಿಲ್‌ನ ಸೆರಾಡೊ ಸವನ್ನಾದ ಹೈಮೆನಿಯಾ ಸ್ಟಿಗೊನೊಕಾರ್ಪಾ ಮತ್ತು ಕಾಡಿನ ಹೈಮೆನಿಯಾ ಕೂರ್ಬರಿಲ್ ಮರಗಳ ಪತ್ರರಂಧ್ರ (ಎಲೆಯ ಮೇಲಿನ, ಅನಿಲ ಸಾಗುವ ಸೂಕ್ಷ್ಮ ರಂಧ್ರ) ಸಾಂದ್ರತೆ ಹೋಲಿಸಬೇಕಿದೆ. ಸವನ್ನಾ ಎಲೆಯ ಮೇಲೆ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಕಿತ್ತು ತೆಗೆಯುವ ಅಚ್ಚು ಮಸುಕಾಗುತ್ತಿದೆ. ಬೇರೆ ದಾರಿ ಇದೆಯೇ?

ಉತ್ತರ 1: ರೋಮ, ದಪ್ಪ ಮೇಣ ಇದ್ದರೆ ಬಣ್ಣ ರಂಧ್ರದ ಅಂಚಿಗೆ ತಲುಪುವುದಿಲ್ಲ. ಅಚ್ಚು ಬಿಟ್ಟುಬಿಡಿ. ಕಿರುಎಲೆಯ ಮಧ್ಯಭಾಗದಲ್ಲಿ, ನಡುನರಕ್ಕೂ ಅಂಚಿಗೂ ನಡುವೆ, 1 ಸೆಂ.ಮೀ. ಅಗಲದ ತುಂಡು ಕತ್ತರಿಸಿ. ಗ್ಲೇಶಿಯಲ್ ಅಸಿಟಿಕ್ ಆಮ್ಲ ಮತ್ತು 30% ಹೈಡ್ರೋಜನ್ ಪೆರಾಕ್ಸೈಡ್ ಸಮಪಾಲು ಬೆರೆಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 48 ಗಂಟೆ ಇಡಿ. ಮುಚ್ಚಳ ಬಿಗಿಯಬೇಡಿ, ಅನಿಲ ತುಂಬಿ ಸೀಸೆ ಸಿಡಿದೀತು. ಹೊಗೆ ಹೊರಹೋಗುವ ಕಪಾಟಿನೊಳಗೇ ಮಾಡಿ, ಕೈಗವಸು ಕಡ್ಡಾಯ. ತುಂಡು ಬೆಳ್ಳಗಾದ ಮೇಲೆ ಚೆನ್ನಾಗಿ ತೊಳೆದು, ಮೆದು ಕುಂಚದಿಂದ ಒಳತಿರುಳು ಸವರಿ ತೆಗೆದು, ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಚ್ಚಿ. ಮೇಲ್ಮೈ, ಕೆಳಮೈ ಎರಡನ್ನೂ ನೋಡಿ.

ಉತ್ತರ 2: ಸೂಕ್ಷ್ಮದರ್ಶಕದ ಐಪೀಸ್‌ನ ಫೀಲ್ಡ್ ನಂಬರನ್ನು ಆಬ್ಜೆಕ್ಟಿವ್‌ನ ವರ್ಧನೆಯಿಂದ ಭಾಗಿಸಿದರೆ ಕಾಣುವ ವೃತ್ತದ ವ್ಯಾಸ (ಮಿ.ಮೀ.) ಸಿಗುತ್ತದೆ. ಫೀಲ್ಡ್ ನಂಬರ್ 18ರ ಐಪೀಸ್, 40x ಆಬ್ಜೆಕ್ಟಿವ್ ಆದರೆ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ., ವಿಸ್ತೀರ್ಣ 0.159 ಚದರ ಮಿ.ಮೀ. 32 ರಂಧ್ರ ಸಿಕ್ಕರೆ ಚದರ ಮಿ.ಮೀ.ಗೆ ಸುಮಾರು 201.

ಉತ್ತರ 3: ಎಣಿಕೆಗಿಂತ ಮಾದರಿ ಆಯ್ಕೆಯಲ್ಲೇ ಹೆಚ್ಚು ಎಡವುವುದು. ಸವನ್ನಾದ ಬಿಸಿಲೆಲೆಯನ್ನು ಕಾಡಿನ ನೆರಳೆಲೆಯೊಂದಿಗೆ ಹೋಲಿಸಿದರೆ ಅಳೆದದ್ದು ಬೆಳಕಿನ ವ್ಯತ್ಯಾಸ, ಪ್ರಭೇದದ್ದಲ್ಲ. ಎರಡರಲ್ಲೂ ಪೂರ್ತಿ ಬಲಿತ ಬಿಸಿಲೆಲೆಯನ್ನೇ ತನ್ನಿ. ಒಂದೇ ಮರದ 20 ವೃತ್ತ ಎಣಿಸಿದರೂ ಮಾದರಿ ಒಂದೇ. ಹೈಮೆನಿಯಾದ ಈ ಒಂದು ಸವನ್ನಾ-ಕಾಡು ಜೋಡಿಯಿಂದ ‘ಸವನ್ನಾ ಮರಗಳೆಲ್ಲ ಹೀಗೆ’ ಎನ್ನಲೂ ಆಗದು. ಬೇರೆ ಕುಲಗಳ ಜೋಡಿಗಳೂ ಬೇಕು.