ಸಹಾಯ ಬೇಕು: ರೈತರಿಗೂ ಸಂಶೋಧಕರಿಗೂ ಒಂದೇ ಅಂತರ್ಜಲ ನಕ್ಷೆ ಸಾಕೇ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕುಗಳ ಅಂತರ್ಜಲ ಮಟ್ಟ ಮತ್ತು ಫ್ಲೋರೈಡ್ ಪ್ರಮಾಣ ತೋರಿಸುವ ನಕ್ಷೆಯನ್ನು ನಾವು ಕೆಲವು ಗೆಳೆಯರು ವೆಬ್ ನಕ್ಷೆ ಮಾಡುವ ತಂತ್ರಾಂಶವಾದ ಲೀಫ್‌ಲೆಟ್‌ನಲ್ಲಿ ಮಾಡುತ್ತಿದ್ದೇವೆ. ಮಾಹಿತಿಯನ್ನು ನಕ್ಷೆಯ ದತ್ತಾಂಶ ಜೋಡಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಜೋಡಿಸಿ ಆಗಿದೆ. ತೊಡಕಿರುವುದು ಬಳಸುವವರ ವಿಷಯದಲ್ಲಿ.

ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರಿಗೆ ಬೇಕಾದ್ದು ತಮ್ಮೂರ ಸುತ್ತ ನೀರು ಎಷ್ಟು ಆಳದಲ್ಲಿದೆ, ಹೋದ ಬೇಸಿಗೆಗಿಂತ ಇಳಿದಿದೆಯಾ ಎಂಬುದಷ್ಟೇ. ಅದೂ ಅಡಿ ಲೆಕ್ಕದಲ್ಲಿ, ಮೊಬೈಲಿನಲ್ಲಿ, ನೆಟ್‌ವರ್ಕ್ ಸರಿಯಿಲ್ಲದಾಗಲೂ. ಪಂಚಾಯಿತಿಯವರಿಗೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ಊರುಗಳ ಪಟ್ಟಿ ಬೇಕು. ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಅಂಕಿಅಂಶಗಳ ಕೋಷ್ಟಕವಿರುವ ಇಡೀ ಸಿಎಸ್‌ವಿ ಕಡತ. ಎಲ್ಲವನ್ನೂ ಒಂದೇ ಪರದೆಗೆ ತುಂಬಿದರೆ ರೈತರು ಮೊದಲ ನೋಟಕ್ಕೇ ಮುಚ್ಚಿಬಿಡುತ್ತಾರೆ. ನನಗೆ ಅವರೇ ಮುಖ್ಯ.

ಹಾಗಾಗಿ ಊರಿನ ಹೆಸರು ಹುಡುಕುವುದರಿಂದಲೇ ಶುರು ಮಾಡಿ, ಉಳಿದದ್ದನ್ನು ‘ಹೆಚ್ಚಿನ ವಿವರ’ ಬಟನ್ ಹಿಂದೆ ಇಡೋಣ ಅಂದುಕೊಂಡಿದ್ದೇನೆ. ಇದು ಸರಿಯೇ, ಅಥವಾ ಮೂರು ಬೇರೆ ಪುಟಗಳೇ ವಾಸಿಯೇ? ಕೆಂಪು-ಹಸಿರು ವ್ಯತ್ಯಾಸ ಗುರುತಿಸಲಾಗದವರೂ ಇರುವುದರಿಂದ ತಿಳಿನೀಲಿಯಿಂದ ಕಡುನೀಲಿವರೆಗಿನ ಬಣ್ಣ ಹಾಕಿದ್ದೇವೆ. ಆದರೆ ಅಳತೆಯೇ ಆಗದ ಊರುಗಳನ್ನು ಹೇಗೆ ತೋರಿಸುವುದು? ಖಾಲಿ ಬಿಟ್ಟರೆ ಅಲ್ಲಿ ತೊಂದರೆಯೇ ಇಲ್ಲ ಅಂದುಕೊಳ್ಳುವ ಅಪಾಯವಿದೆ. ಇಂಥ ನಕ್ಷೆ ಮಾಡಿ ಹಳ್ಳಿಯವರ ಕೈಗೆ ಕೊಟ್ಟು ನೋಡಿದವರು ದಯವಿಟ್ಟು ಹೇಳಿ.